ಮಾವನವರು ಕುಡಿದ ಟಿಂಚರು

“ಅರ್ಥ ತಿಳಿಯದ ಔಷಧಿ ಇನ್ನು ಮುಂದೆ ಈ ನರಸೀಪುರದಲ್ಲಿ ಯಾರ ಗಂಟಲಲ್ಲೂ ಇಳಿಯಕೂಡದು!”

ಹೀಗೆಂದು ಘೋಷಿಸಿದ್ದು ದಿವಾನರಲ್ಲ, ಸರ್ಕಾರಿ ಔಷಧಶಾಲೆಯ ಕಾಂಪೌಂಡರ್ ಶಿವಸ್ವಾಮಿ. ಘೋಷಿಸಿದ್ದು ಅಡಿಗೆಮನೆಯ ಬಾಗಿಲಲ್ಲಿ ನಿಂತು. ಕೇಳಿಸಿಕೊಂಡವಳು ಹೆಂಡತಿ ರುದ್ರಮ್ಮ ಒಬ್ಬಳೇ. ಅದೂ ಒಂದೇ ಕಿವಿಯಲ್ಲಿ. ಇನ್ನೊಂದು ಕಿವಿ ಒಲೆಯ ಮೇಲಿನ ಹಾಲಿನ ಕಡೆಗಿತ್ತು.

ಶಿವಸ್ವಾಮಿಗೆ ಸಾಕುಸಾಕಾಗಿತ್ತು. ಮಂಡಿಗೆ ಹಚ್ಚಲು ಕೊಟ್ಟದ್ದನ್ನು ಕುಡಿದು ಬರುವವರು, ಕುಡಿಯಲು ಕೊಟ್ಟದ್ದನ್ನು ಎತ್ತಿನ ಗಾಯಕ್ಕೆ ಹಚ್ಚಿ “ವಾಸಿಯಾಯ್ತು ಸಾ, ಎತ್ತಿಗೆ” ಎಂದು ಕೈಮುಗಿಯುವವರು. ಇವರಿಗೆಲ್ಲ ದಿನವಿಡೀ ಕೂಗಿ ಕೂಗಿ, ಸಂಜೆ ಹೊತ್ತಿಗೆ ಅವನ ಗಂಟಲಿಗೇ ಔಷಧಿ ಬೇಕಾಗುತ್ತಿತ್ತು. ಒಂದೊಂದು ಇಂಗ್ಲಿಷ್ ಹೆಸರನ್ನೂ ಬಿಡಿಸಿ ಕನ್ನಡದಲ್ಲಿ ಹೇಳಿಬಿಟ್ಟರೆ ಈ ಪ್ರಾರಬ್ಧವೇ ಇರುವುದಿಲ್ಲ ಎಂದು ಅವನಿಗೆ ಹೊಳೆದುಬಿಟ್ಟಿತು. ಊರಿಗಿಂತ ಮೊದಲು ಮನೆಯಿಂದಲೇ ಶುರು!

“ಲಿನಿಮೆಂಟ್ ಅಂದ್ರೆ ಮೈಗೆ ಉಜ್ಜೋದು.”

“ಗೌರ್ಮೆಂಟ್ ಇದ್ದ ಹಾಗೆ ಅನ್ನಿ. ಮೇಲೆ ಮೇಲೆ ಉಜ್ಜೋದು, ಹೊಟ್ಟೆಗೇನೂ ಇಳಿಯೋಲ್ಲ.”

“ಎಮೆಟಿಕ್ ಅಂದ್ರೆ ವಾಂತಿ ಮಾಡಿಸೋದು.”

“ನಿಮ್ಮ ಪಾಠ ಅನ್ನಿ.”

“ಡೋಸ್ ಅಂದ್ರೆ...”

“ಅದು ಗೊತ್ತು. ನಾಳೆಗೆ ಹಿಟ್ಟು ರುಬ್ಬಿಟ್ಟಿದ್ದೀನಿ!”

ನಡುಮನೆಯ ಚಾಪೆಯ ಮೇಲೆ ಕೂತಿದ್ದ ಮಾವ ಚಿಕ್ಕಬಸಪ್ಪನವರು ಇದನ್ನೆಲ್ಲ ಆಸಕ್ತಿಯಿಂದ ಕೇಳುತ್ತಿದ್ದರು. ಬಿಳಿಗೆರೆಯಲ್ಲಿ ಬೆಲ್ಲದ ವ್ಯಾಪಾರಿಗಳು. ಹಣೆಯ ಮೇಲೆ ಸದಾ ಮೂರೆಳೆ ವಿಭೂತಿ, ಎದೆಯ ಮೇಲೆ ಲಿಂಗ. ಎದೆಬಡಿತ ತಪ್ಪಿ, ಕಾಲು ಬಾತು, ಉಸಿರಾಡಲೂ ಕಷ್ಟಪಡುತ್ತ ಗಾಡಿಯಲ್ಲಿ ಮಗಳ ಮನೆಗೆ ಬಂದವರು. ಡಾಕ್ಟರು ಕೊಟ್ಟ ಹನಿ ಔಷಧಿಯಿಂದ ಬಾವು ಇಳಿದು, ಈಗ ಹೊಳೆಯ ದಂಡೆಯವರೆಗೂ ನಡೆದು ಬರುತ್ತಿದ್ದರು.

“ಅಳಿಯಂದ್ರೇ, ನಾನು ಕುಡಿಯೋದಕ್ಕೇನು ಹೆಸರು?”

“ಟಿಂಚರ್ ಡಿಜಿಟಾಲಿಸ್, ಮಾವ.”

“ಆಹಾ, ಘನವಾದ ಹೆಸರು! ಟಿಂಚರ್ ಅಂದ್ರೆ?”

ಇಲ್ಲಿ ಶಿವಸ್ವಾಮಿ ಒಂದು ಕೆಮ್ಮು ಕೆಮ್ಮಿ ಎದ್ದುಹೋಗಿದ್ದರೆ ಎಲ್ಲರೂ ನೆಮ್ಮದಿಯಾಗಿ ಇರುತ್ತಿದ್ದರು. ಆದರೆ ಕೇಳಿದವರಿಗೆ ಅರ್ಥ ಹೇಳುವುದಿಲ್ಲವೆಂದರೆ ಘೋಷಣೆ ಏನಾಗಬೇಕು!

“ಡಿಜಿಟಾಲಿಸ್ ಅನ್ನೋದು ಒಂದು ಸೊಪ್ಪು. ಅದರ ಸತ್ವ ಬರೀ ನೀರಿಗೆ ಚೆನ್ನಾಗಿ ಇಳಿಯೋಲ್ಲ ಮಾವ. ಅದಕ್ಕೇ ಮದ್ಯಸಾರದಲ್ಲಿ ನೆನೆಹಾಕಿ ಇಳಿಸ್ತಾರೆ. ಆ ರಸವೇ ಟಿಂಚರು.”

“ಮಧ್ಯಸಾರೇ? ಊಟದ ಮಧ್ಯೆ ಬಡಿಸೋ ಸಾರೇ?”

“ಮಧ್ಯ ಅಲ್ಲ ಮಾವ, ಮದ್ಯ! ಸಾರಾಯಿಯ ಸತ್ವ!”

ಒಲೆಯ ಮೇಲೆ ಹಾಲು ಉಕ್ಕಿತು, ರುದ್ರಮ್ಮ ನೋಡಲಿಲ್ಲ. ಚಿಕ್ಕಬಸಪ್ಪನವರು ಎರಡು ಕೈಯಲ್ಲೂ ಲಿಂಗವನ್ನು ಹಿಡಿದುಕೊಂಡರು.

“ನಂಜುಂಡೇಶ್ವರಾ! ಮಗಳ ಮನೇಲಿ ಕೂರಿಸಿಕೊಂಡು ನನ್ನನ್ನ ಕುಡುಕನ್ನ ಮಾಡಿಬಿಟ್ಟರಲ್ಲಪ್ಪಾ!”

“ಹತ್ತೇ ಹನಿ ಮಾವ! ಅದೂ ನೀರಲ್ಲಿ! ಇರುವೆಗೂ ಅಮಲೇರೋಲ್ಲ!”

“ಏರಿತ್ತು! ಈಗ ಗೊತ್ತಾಗ್ತಿದೆ, ಏರಿತ್ತು! ಇಲ್ಲದಿದ್ರೆ ಆ ಮರಿಸ್ವಾಮಿ ಜೊತೆ ನಾನು ರಾಜಿ ಆಗ್ತಿದ್ನೇ?”

ಮರಿಸ್ವಾಮಿ ಅವರ ದಾಯಾದಿ ತಮ್ಮ. ಬಾವಿ ನೀರಿನ ಸರದಿಗಾಗಿ ಇಬ್ಬರೂ ಹನ್ನೆರಡು ವರ್ಷ ಮುಖ ತಿರುಗಿಸಿಕೊಂಡೇ ಬದುಕಿದವರು. ಅಣ್ಣನ ಕಾಯಿಲೆಯ ಸುದ್ದಿ ಕೇಳಿ ಮೊನ್ನೆ ಮೊನ್ನೆ ಬಂದಾಗ, ಚಿಕ್ಕಬಸಪ್ಪನವರು ಅವನನ್ನು ತಬ್ಬಿಕೊಂಡು ಅತ್ತಿದ್ದರು.

“ಆ ಅಳು ಅಮಲಿನದು! ರಾಜಿ ವಾಪಸ್ಸು! ರುದ್ರಿ, ನಿನ್ನ ಬಸ್ಸಾರು ನಿನ್ನ ತಾಯಿ ಬಸ್ಸಾರಿಗಿಂತ ರುಚಿ ಅಂದಿದ್ದೆನಲ್ಲ, ಅದೂ ವಾಪಸ್ಸು! ಅಳಿಯ ಬುದ್ಧಿವಂತ ಅಂತ ನಾಲ್ಕು ಜನರ ಮುಂದೆ ಅಂದಿದ್ದೆ. ಅದಂತೂ ಪೂರಾ ಅಮಲು!”

ಮರುದಿನ ಬಿಳಿಗೆರೆಗೆ ಹೊರಟ ಗಾಡಿಯವನ ಕೈಲಿ ರಾಜಿ ರದ್ದಾಯಿತೆಂದು ಹೇಳಿ ಕಳಿಸಿಯೂಬಿಟ್ಟರು. ಔಷಧಿ ನಿಂತಿತು.

ಶಿವಸ್ವಾಮಿ ಸುಮ್ಮನಿರಬಹುದಿತ್ತು. ಇರಲಿಲ್ಲ. ಒಂದು ಅರ್ಥದಿಂದ ಕೆಟ್ಟದ್ದನ್ನು ಇನ್ನೊಂದು ಅರ್ಥದಿಂದ ಸರಿಮಾಡಲು ಹೊರಟ.

“ಮಾವ, ನೀವು ಹಸಿವಿಗೆ ಅಂತ ಕುಡೀತೀರಲ್ಲ, ಪಂಡಿತರ ಅರಿಷ್ಟ, ಅದೂ ಹುಳಿಬಂದು ಅಮಲಾದದ್ದೇ. ಅದು ತಪ್ಪಲ್ಲ ಅಂದಮೇಲೆ ಇದು ಹೇಗೆ ತಪ್ಪು?”

ಚಿಕ್ಕಬಸಪ್ಪನವರು ಎದ್ದು ಅರಿಷ್ಟದ ಜಾಡಿಯನ್ನೂ ಹಿತ್ತಲಿಗೆ ಸುರಿದು ಬಂದರು.

“ಇನ್ನೊಂದು ಅರ್ಥ ಹೇಳಿ, ಅನ್ನಾನೂ ಬಿಟ್ಟಾರು!” ಎಂದಳು ರುದ್ರಮ್ಮ.

ಮಾವ ಜಗಲಿಯಲ್ಲಿ ಕೂತು ದಾರಿಹೋಕರಿಗೆಲ್ಲ ತಮ್ಮ ಪಾಪವನ್ನು ಒಪ್ಪಿಸುತ್ತಿದ್ದರು. ಹಾಗಾಗಿ ಮುಂದಿನ ಸೋಮವಾರ ಔಷಧಶಾಲೆಯ ಮುಂದೆ ಹಿಂದೆಂದೂ ಕಾಣದಷ್ಟು ಜನ! ಸಾಲಿನ ಮುಂದೆ ಹೆಮ್ಮಿಗೆಯ ಬೋರಯ್ಯ, ಗದ್ದೆ ಕೆಲಸ ಬಿಟ್ಟು ಬಂದವನು.

“ಏನಪ್ಪ ನಿಂಗೆ?” ಎಂದರು ಡಾಕ್ಟರು.

“ಒಟ್ಟೆ ನೋವು ಸಾ. ಎದೆ ನೋವೂ ಅದೆ. ಯಾವುದಕ್ಕೆ ಆ ಟಿಂಚರು ಕೊಟ್ಟೀರೋ ಆ ನೋವು ಬರ್ಕಳಿ. ನಮ್ಮೋರೆಲ್ಲಾರಿಗೂ ಅದೇ ನೋವು ಕಣ್ ಸಾ!”

ಡಾಕ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಈ ಪದ ಇವರಿಗೆ ಕಲಿಸಿದ ಪುಣ್ಯಾತ್ಮ ಯಾರು?”

ಶಿವಸ್ವಾಮಿ ಖಾಲಿ ಶೀಶೆಗಳನ್ನು ಬಹಳ ಶ್ರದ್ಧೆಯಿಂದ ಜೋಡಿಸತೊಡಗಿದ.

“ಊರಿಗೆ ಒಬ್ಬರು ಅಮಲ್ದಾರರು ಸಾಕು ಶಿವಸ್ವಾಮಿ. ನೀನು ಇನ್ನೊಬ್ಬ ಆಗಬೇಡ!”

ನಗುವ ಮಾತೆಲ್ಲ ಅಲ್ಲಿಗೆ ಮುಗಿಯಿತು. ಮಾವನ ಕಾಲು ಮತ್ತೆ ಬಾತಿತು. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಅವರು ಗೋಡೆಗೆ ಒರಗಿಯೇ ಕೂತಿರುತ್ತಿದ್ದರು. ಡಾಕ್ಟರು ಬಂದು ನೋಡಿ, ಶಿವಸ್ವಾಮಿಯನ್ನು ಹೊರಗೆ ಕರೆದು, “ಔಷಧಿ ಒಳಗೆ ಹೋಗದಿದ್ದರೆ ಕಷ್ಟ” ಎಂದಷ್ಟೇ ಅಂದರು. ಅದಕ್ಕೆ ಅರ್ಥ ಬಿಡಿಸುವ ಅಗತ್ಯವಿರಲಿಲ್ಲ.

“ಅಂಬಲಿಯಲ್ಲಿ ಬೆರೆಸಿಬಿಡೋಣವೇ?” ಎಂದ ಶಿವಸ್ವಾಮಿ, ಮೆಲ್ಲಗೆ.

ರುದ್ರಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು. “ಬೇಡ. ಅಪ್ಪನ ನೇಮಾನ ಕದ್ದು ಕೆಡಿಸೋದು ಬೇಡ. ಚಿಕ್ಕಪ್ಪನಿಗೆ ಹೇಳಿಕಳಿಸಿ.”

“ಅವರ ರಾಜಿನೇ ರದ್ದಾಗಿದೆಯಲ್ಲೇ! ಬರ್ತಾರಾ?”

“ಬೈಯೋಕಾದ್ರೂ ಬರ್ತಾರೆ.”

ಮರಿಸ್ವಾಮಿ ಬಂದದ್ದು ಬೈಯಲೆಂದೇ. ಗಾಡಿಯಿಂದ ಇಳಿಯುವಾಗಲೇ ಪಂಚೆ ಎತ್ತಿ ಕಟ್ಟಿದ್ದ. ಒಳಗೆ ಬಂದು ಅಣ್ಣನ ಕಾಲು ನೋಡಿದ. ಬಂದ ಬೈಗುಳವೆಲ್ಲ ಬಾಯಲ್ಲೇ ಕರಗಿಹೋಯಿತು. ಚಾಪೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ.

“ಅಣ್ಣಾ, ಆವತ್ತು ನೀನು ನನ್ನ ತಬ್ಬಿಕೊಂಡದ್ದು ಅಮಲಿನಲ್ಲಿ ಅಂತೆ?”

“ಹೂಂ.”

“ಹನ್ನೆರಡು ವರ್ಷ ಇಬ್ಬರೂ ಅಮಲಿಲ್ಲದೆ ಇದ್ವಲ್ಲ, ಏನು ಸಂಪಾದಿಸಿದ್ವಿ? ನೆಟ್ಟಗಿದ್ದಾಗ ನನ್ನ ಜೊತೆ ಮಾತಾಡಕ್ಕಾಗಲ್ಲ ಅಂದ್ರೆ ಕುಡುದಾದ್ರೂ ಮಾತಾಡು ಮಾರಾಯ. ಆ ಪಾಪ ನಾನು ಕಟ್ಕೊಳ್ತೀನಿ.”

ಚಿಕ್ಕಬಸಪ್ಪನವರು ಲಿಂಗವನ್ನು ಕಣ್ಣಿಗೊತ್ತಿಕೊಂಡು, “ಈಶ್ವರನಿಗೆ ನಾನೇ ಹೇಳ್ಕೊಳ್ತೀನಿ. ಹಾಕಿ ಅಳಿಯಂದ್ರೇ ನಿಮ್ಮ ಹನಿ,” ಎಂದರು.

ಶಿವಸ್ವಾಮಿ ಹನಿಗಳನ್ನು ನೀರಿಗೆ ಬಿಟ್ಟು ಕೊಟ್ಟ. ಮಾವ ಕುಡಿದರು. ರುದ್ರಮ್ಮ ಅಡಿಗೆಮನೆಗೆ ಓಡಿಹೋಗಿ ಅತ್ತಳು.

“ನಂಗೂ ಒಂದಿಷ್ಟು ಹಾಕಪ್ಪ!” ಎಂದ ಮರಿಸ್ವಾಮಿ.

“ನಿಮಗ್ಯಾಕೆ ಚಿಕ್ಕಮಾವ?”

“ದಾಯಾದಿ ಕಣಯ್ಯ! ಆಸ್ತಿ ಅರ್ಧ ಅಂದಮೇಲೆ ಪಾಪಾನೂ ಅರ್ಧ. ಅವನು ಅಮಲಲ್ಲಿ, ನಾನು ನೆಟ್ಟಗೆ ಕೂತ್ರೆ ಮಾತು ಕೂಡ್ತದಾ?”

ಗಟ್ಟಿಮುಟ್ಟಾದ ಗುಂಡಿಗೆಗೆ ಆ ಹನಿ ಬಿದ್ದರೆ ಏನಾಗುತ್ತದೆಂದು ಹೇಳಲು ಶಿವಸ್ವಾಮಿ ಬಾಯಿ ತೆರೆದ. ಅಡಿಗೆಮನೆಯ ಬಾಗಿಲಿಂದ ರುದ್ರಮ್ಮ ನೋಡಿದ ನೋಟಕ್ಕೆ ಆ ಬಾಯಿ ಹಾಗೇ ಮುಚ್ಚಿಕೊಂಡಿತು. ಗೂಡಿನಲ್ಲಿದ್ದ ಪೆಪ್ಪರ್‌ಮೆಂಟಿನ ನೀರನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟ. ಶೀಶೆಯ ಚೀಟಿಯ ಮೇಲೆ ‘ಆಕ್ವಾ’ ಎಂದಿತ್ತು. ಲ್ಯಾಟಿನ್ನಿನಲ್ಲಿ ಹಾಗೆಂದರೆ ನೀರು.

ಮರಿಸ್ವಾಮಿ ಒಂದೇ ಗುಟುಕಿಗೆ ಮುಗಿಸಿ, ಕಣ್ಣು ಮುಚ್ಚಿ, ಮೀಸೆ ಒರೆಸಿಕೊಂಡ.

“ಅಬ್ಬಬ್ಬಾ! ನೆತ್ತಿಗೇ ಏರ್ತಾ ಅದೆ ಅಣ್ಣಾ! ಏನಪ್ಪಾ ಇದರ ಹೆಸರು?”

“ಆಕ್ವಾ.”

“ಎಂಥಾ ಜಬರ್ದಸ್ತು ಹೆಸರು! ಏನದರ ಅರ್ಥ?”

ಶಿವಸ್ವಾಮಿ ಮಾವನ ಕಾಲು ನೋಡಿದ. ಹೆಂಡತಿಯ ಮುಖ ನೋಡಿದ. ಆಮೇಲೆ, ಊರಿಗೆಲ್ಲ ಅರ್ಥ ಹಂಚಲು ಹೊರಟಿದ್ದ ಆ ಕಾಂಪೌಂಡರು ಕೈಮುಗಿದು ಹೇಳಿದ:

“ಅದು ಇವತ್ತಿನವರೆಗೂ ಯಾರಿಗೂ ತಿಳಿದಿಲ್ಲ ಚಿಕ್ಕಮಾವ!”