ಇಚ್ಛೆಯಿಲ್ಲದ ಐಚ್ಛಿಕ ವಿಷಯ

'ಐಚ್ಛಿಕ' ಎಂಬ ಪದ ಕಣ್ಣಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಿಘಂಟು ತೆಗೆದರೆ 'ಇಚ್ಛೆಗೆ ಬಿಟ್ಟದ್ದು' ಎಂದು ಅರ್ಥ ಕೊಟ್ಟಿರುತ್ತಾರೆ. ಯಾರ ಇಚ್ಛೆಗೆ ಎಂಬುದನ್ನು ಮಾತ್ರ ಜಾಣತನದಿಂದ ಬಿಟ್ಟಿರುತ್ತಾರೆ. ಮದುವೆಮನೆಯಲ್ಲಿ ಬಡಿಸುವವರು "ಏನು ಬೇಕೋ ಕೇಳಿ, ಸಂಕೋಚ ಬೇಡ" ಎನ್ನುತ್ತ ತಮ್ಮ ಕೈಯಲ್ಲಿರುವ ಕುಂಬಳಕಾಯಿ ಹುಳಿಯನ್ನೇ ಎಲೆಗೆ ಸುರಿದು ಮುಂದೆ ಹೋಗುತ್ತಾರಲ್ಲ, ಶಾಲೆಯಲ್ಲಿ ನಾನು ಕಂಡ ಐಚ್ಛಿಕವೂ ಅಂಥದೇ. ನನಗೆ ಸಿಟ್ಟು ಸ್ವಲ್ಪ ಬೇಗ ಬರುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಹುಟ್ಟಿದ್ದು ಪಾವಗಡದಲ್ಲಿ, ಅದೂ ಕಡು ಬೇಸಗೆಯಲ್ಲಿ. ಅಲ್ಲಿಯ ಬಂಡೆ ಕಾದ ಹಾಗೆ ಕಾಯುತ್ತೇನೆ, ಬಂಡೆಯ ಹಾಗೆಯೇ ನಿಧಾನವಾಗಿ ಆರುತ್ತೇನೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಅರವತ್ತರ ದಶಕದ ಮೊದಲಲ್ಲಿ ಬಂದ ಸಿಟ್ಟು ಇನ್ನೂ ಬೆಚ್ಚಗಿದೆ ಎಂದರೆ ಅವರ ಮಾತಿನಲ್ಲಿ ಸತ್ಯವಿರಬೇಕು.

ನಮ್ಮ ತಂದೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಪಾವಗಡ, ಕೊರಟಗೆರೆ ಎಂದು ಟ್ರಂಕು ಹೊತ್ತು ತಿರುಗಿ, ನಾನು ಒಂಬತ್ತನೆಯ ತರಗತಿಗೆ ಬರುವ ಹೊತ್ತಿಗೆ ಶಿರಾ ಸೇರಿದ್ದೆವು. ಅಲ್ಲಿಯ ಹೈಸ್ಕೂಲಿನ ನಮ್ಮ ತರಗತಿಯಲ್ಲಿ ನಲವತ್ತೆರಡು ಹುಡುಗರು, ಆರು ಹುಡುಗಿಯರು. ಒಂಬತ್ತನೆಯ ತರಗತಿಯಿಂದ ಐಚ್ಛಿಕ ವಿಷಯ ಆರಿಸಿಕೊಳ್ಳಬೇಕಿತ್ತು. ಯಾವುದನ್ನು ಆರಿಸಬೇಕೆಂದು ನಾನು ಬೇಸಗೆ ರಜೆಯಲ್ಲೇ ಮನಸ್ಸು ಮಾಡಿಟ್ಟುಕೊಂಡಿದ್ದೆ: ಗಣಿತ. ಲೆಕ್ಕದಲ್ಲಿ ನಾನೇನೂ ಪ್ರಚಂಡಳಲ್ಲ. ಎಂಟನೆಯ ತರಗತಿಯಲ್ಲಿ ಬಂದದ್ದು ಐವತ್ತೆರಡು. ಆದರೆ ನಮ್ಮ ಮನೆಯಲ್ಲಿ ನಾನು ಏನು ಹೇಳಿದರೂ "ನಿನಗೇನು ಗೊತ್ತು, ಸುಮ್ಮನಿರು" ಎನ್ನುವವರೇ. ಲೆಕ್ಕದಲ್ಲಿ ಹಾಗಲ್ಲ. ಉತ್ತರ ಸರಿಯಿದ್ದರೆ ಅಪ್ಪನೂ ತಪ್ಪು ಎನ್ನುವಂತಿಲ್ಲ, ಅಣ್ಣನೂ ಎನ್ನುವಂತಿಲ್ಲ. ಪ್ರಪಂಚದಲ್ಲಿ ನನ್ನ ಮಾತು ನಡೆಯುವ ಜಾಗ ಅದೊಂದೇ ಎಂದು ನನಗೆ ಅನ್ನಿಸಿತ್ತು.

ಶಾಲೆ ಶುರುವಾದ ಮೂರನೆಯ ದಿನ ಹೆಡ್‌ಮಾಸ್ಟರು ಪಟ್ಟಿ ಓದಿದರು. ಹುಡುಗರ ಹೆಸರು ಒಂದೊಂದಾಗಿ ಬಂತು. ಇವನಿಗೆ ಗಣಿತ, ಅವನಿಗೆ ಇತಿಹಾಸ. ಕೊನೆಯಲ್ಲಿ ಹೆಸರೇ ಇಲ್ಲದೆ, "ಹುಡುಗಿಯರು: ಗೃಹವಿಜ್ಞಾನ" ಎಂದು ಪಟ್ಟಿ ಮಡಚಿದರು. ನಾನು ಅವರ ಕೋಣೆಗೆ ಹೋದೆ. ಹೆಡ್‌ಮಾಸ್ಟರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸಿಟ್ಟು ಮಾಡಿಕೊಳ್ಳುವುದು ಸುಲಭವಾಗುತ್ತಿತ್ತು. ಕೂರಿಸಿ, ನೀರು ಕೊಡಿಸಿ, ಮೆತ್ತಗೆ ಹೇಳಿದರು: "ನೋಡಮ್ಮ, ಇಷ್ಟಪಡೋದು ನಿನ್ನ ಹಕ್ಕು. ಯಾವುದನ್ನ ಇಷ್ಟಪಡಬೇಕು ಅನ್ನೋದು ನಮ್ಮ ಜವಾಬ್ದಾರಿ. ನಾಳೆ ಒಂದು ಮನೆ ಬೆಳಗೋಳು ನೀನು." ಮನೆ ಬೆಳಗಬೇಕಾದ ನಾನು ಅವತ್ತು ಧುಮುಗುಟ್ಟುತ್ತ ತರಗತಿಗೆ ಬಂದೆ.

ಗೃಹವಿಜ್ಞಾನಕ್ಕೆಂದು ಕೊಟ್ಟದ್ದು ಶಾಲೆಯ ಹಿಂದಿನ ಹಳೆಯ ಉಗ್ರಾಣ. ಒಂದು ಪಂಪ್ ಸ್ಟವ್, ನಾಲ್ಕು ಅಲ್ಯುಮಿನಿಯಂ ಪಾತ್ರೆ, ಗೋಡೆಯ ಮೇಲೆ ಸಮತೋಲನ ಆಹಾರದ ಚಿತ್ರಪಟ. ಚಿತ್ರದಲ್ಲಿ ಸೇಬು, ಬೆಣ್ಣೆ, ಮೊಟ್ಟೆ, ದೊಡ್ಡ ಮೀನು. ಮದಲೂರು ಕೆರೆಯ ಮೀನನ್ನಾದರೂ ಕೆಲವರು ಕಂಡಿದ್ದರು, ಸೇಬನ್ನು ನಮ್ಮಲ್ಲಿ ಒಬ್ಬಳೂ ತಿಂದಿರಲಿಲ್ಲ. ಪಾಠಗಳೋ, ಕೇಳುವುದೇ ಬೇಡ. 'ಊಟದ ಮೇಜನ್ನು ಅಲಂಕರಿಸುವ ವಿಧಾನ' ಎಂದು ಎರಡು ಪುಟ. ನಮ್ಮ ಮನೆಯಲ್ಲಿದ್ದ ಒಂದೇ ಮೇಜಿನ ಮೇಲೆ ಅಪ್ಪನ ಕಚೇರಿ ಕಾಗದಗಳಿದ್ದವು, ಅದನ್ನು ಮುಟ್ಟಿದರೆ ಬೆನ್ನಿಗೆ ಬೀಳುತ್ತಿತ್ತು. 'ಮಂಚದ ಹಾಸಿಗೆಯ ಮೂಲೆಗಳನ್ನು ಮಡಚುವುದು' ಎಂದು ಇನ್ನೊಂದು. ಚಾಪೆಗೆ ನಾಲ್ಕು ಮೂಲೆ ಇರುವುದು ನಿಜ, ಮಡಚಿ ತೋರಿಸಿ ನೋಡೋಣ! ನಾನು ಇದನ್ನೆಲ್ಲ ಪಕ್ಕದಲ್ಲಿ ಕೂರುತ್ತಿದ್ದ ಜುಬೇದಾಳ ಕಿವಿಯಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ ಉರಿ ಕಳೆದುಕೊಳ್ಳುತ್ತಿದ್ದೆ. ಜುಬೇದಾಳ ತಂದೆ ಜಟಕಾ ಗಾಡಿಗಳನ್ನು ಕಟ್ಟುವ, ರಿಪೇರಿ ಮಾಡುವ ಬಡಗಿ. ಅವಳು ಮಾತಾಡುತ್ತಿದ್ದದ್ದು ಕಡಿಮೆ. ನಾನು ಹತ್ತು ಮಾತು ಆಡಿದರೆ "ಜಾನೇ ದೋ, ಬುಡೇ" ಎಂದು ಒಂದು ಮಾತು ಹೇಳಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದಳು.

ಪಾಠ ಹೇಳುತ್ತಿದ್ದವರು ಮೈಸೂರಿನಿಂದ ಬಂದ ವನಜಾಕ್ಷಿ ಟೀಚರ್. ಇನ್ನೂ ಚಿಕ್ಕ ವಯಸ್ಸು, ನಮ್ಮ ಅಕ್ಕಂದಿರ ಹಾಗಿದ್ದರು. ಆದರೆ ಪುಸ್ತಕ ಬಿಟ್ಟು ಒಂದಕ್ಷರ ಆಚೆ ಹೋಗುತ್ತಿರಲಿಲ್ಲ. ಸ್ಟವ್ ಹಚ್ಚುವುದೆಂದರೆ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಜವಾನ ಹನುಮಂತಪ್ಪನೇ ಬರಬೇಕು. ಅವನು ಪಂಪ್ ಒತ್ತುತ್ತ, "ನೀವು ಆಚೆ ನಿಂತ್ಕಳಿ ಟೀಚರಮ್ಮ, ಇಂಗೆ ಒಂದೇ ಸಮ ಒತ್ಬುಟ್ರೆ ಸಿಡಿದ್ಬುಡ್ತೈತೆ" ಎನ್ನುವನು. ಹೊರಗೆ ಹೋಗುವಾಗ ನಮ್ಮ ಕಡೆ ನೋಡಿ, "ಅಲ್ಲ ಕಣ್ರವ್ವಾ, ಒಲೆ ಮುಂದೆ ಕುಂತ್ಕಳಾದ ಕಲ್ಸಕ್ಕೂ ಸರ್ಕಾರ ಸಂಬ್ಳ ಕೊಡ್ತೈತಾ?" ಎಂದು ಗೊಣಗುವನು. ಶಾಲೆಯಲ್ಲಿ ನನ್ನ ಪಕ್ಷಕ್ಕಿದ್ದ ಏಕೈಕ ಮೇಧಾವಿ ಅವನು.

ದಸರಾ ರಜೆಗೆ ಮುಂಚೆ ಒಂದು ಕಿರುಪರೀಕ್ಷೆ ಬಂತು. 'ನಿಮ್ಮ ಮನೆಯಲ್ಲಿ ಮಾಡುವ ಒಂದು ಆಹಾರವನ್ನು ತಯಾರಿಸುವ ವಿಧಾನವನ್ನು ವಿವರಿಸಿ' ಎಂಬುದು ಪ್ರಶ್ನೆ. ನಾನು ರಾಗಿಮುದ್ದೆ ಬರೆದೆ. ಎಸರು ಕುದಿಯುವುದರಿಂದ ಹಿಡಿದು, ಕೋಲಿನಲ್ಲಿ ಗಂಟಿಲ್ಲದಂತೆ ತಿರುವಿ, ಕೈಗೆ ನೀರು ಹಚ್ಚಿಕೊಂಡು ಉಂಡೆ ಕಟ್ಟುವವರೆಗೆ ಒಂದೂವರೆ ಪುಟ. ಜನ್ಮದಲ್ಲಿ ಮೊದಲ ಸಲ ಗೊತ್ತಿದ್ದ ವಿಷಯವನ್ನು ಉತ್ತರಪತ್ರಿಕೆಯಲ್ಲಿ ಬರೆದಿದ್ದೆ. ಬಂದದ್ದು ಸೊನ್ನೆ. ಕೆಂಪು ಶಾಯಿಯಲ್ಲಿ 'ಪುಸ್ತಕ ನೋಡಿ ಕಲಿ' ಎಂಬ ಷರಾ ಬೇರೆ. ಪುಸ್ತಕದಲ್ಲಿದ್ದದ್ದು ಬ್ರೆಡ್ ಪುಡಿಂಗ್. ನಮ್ಮ ಕಡೆ ಬ್ರೆಡ್ ತಿನ್ನುವುದು ಜ್ವರ ಬಂದವರು. ಜ್ವರ ಬರದೆ ಬ್ರೆಡ್ ತಿಂದವಳನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮನೆಗೆ ಬಂದು ಅಮ್ಮನ ಮುಂದೆ ಉತ್ತರಪತ್ರಿಕೆ ಓದಿದೆ. ನಮ್ಮಮ್ಮ ಕೊಳಾಲದ ಕಡೆಯವಳು, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಒಂದೂವರೆ ಪುಟವನ್ನೂ ತಲೆದೂಗುತ್ತ ಕೇಳಿದಳು. ಸೊನ್ನೆ ಎಂದೊಡನೆ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಯಾರಿಗೇ ಸೊನ್ನೆ ಕೊಟ್ಟಿರಾದು? ನಿಂಗಾ, ನಂಗಾ?"

"ನನಗೇ ಅಮ್ಮ."

"ನೀನು ಬರ್ದಿರಾದು ನಾನು ಮಾಡಾ ಮುದ್ದೆ ತಾನೆ? ಇಪ್ಪತ್ತು ವರ್ಸದಿಂದ ಈ ಮನೇಲಿ ಒಬ್ರೂ ಗಂಟು ಐತೆ ಅಂದಿಲ್ಲ. ಅವಳ್ಯಾವಳು ಸೊನ್ನೆ ಕೊಡಾಕೆ?"

ಅಪ್ಪ ಕಾಗದಗಳ ಮಧ್ಯದಿಂದ, "ಅದು ಸರ್ಕಾರದ ಪಾಠ ಕಣೇ, ನೀನು ಬಾಯಿ ಹಾಕಬೇಡ" ಎಂದರು. ಅಪ್ಪನಿಗೆ ಸರ್ಕಾರವೆಂದರೆ ಗೊರವನಹಳ್ಳಿ ಲಕ್ಷ್ಮಿಗಿಂತ ಒಂದು ಕೈ ಹೆಚ್ಚು.

ಅಮ್ಮ ಬಿಡಲಿಲ್ಲ. "ಮುದ್ದೆ ಮಾಡಾದ ನಾನು ಕಲಿಸ್ತೀನಿ, ಕಸ ಗುಡಿಸಾದ ನಾನು ಕಲಿಸ್ತೀನಿ. ನಂಗೆ ಬರ್ದೆ ಇರಾದ್ನ ಕಲಿಸ್ಲಿ ಅಂತ ತಾನೆ ಇವಳನ್ನ ಸ್ಕೂಲಿಗೆ ಕಳ್ಸಿರಾದು? ಅಲ್ಲೂ ಒಲೆ, ಇಲ್ಲೂ ಒಲೆ ಅಂದ್ರೆ ಅಷ್ಟು ದೂರ ಯಾಕೆ ನಡೀಬೇಕು ಮಗಿ?"

ಸ್ತ್ರೀ ವಿದ್ಯಾಭ್ಯಾಸದ ಬಗ್ಗೆ ಮುಂದೆ ನಾನು ಎಷ್ಟೋ ಭಾಷಣ ಕೇಳಿದ್ದೇನೆ, ಹಾರ ಹಾಕಿಸಿಕೊಂಡು ಒಂದೆರಡು ಮಾಡಿಯೂ ಇದ್ದೇನೆ. ಅಮ್ಮನ ಈ ಮಾತಿನ ಹತ್ತಿರಕ್ಕೆ ಬರುವಂಥದು ಯಾವುದೂ ಇರಲಿಲ್ಲ. ಅವಳು ಅದನ್ನು ಹೇಳಿದ್ದು ಮುದ್ದೆಯ ಮರ್ಯಾದೆಗಾಗಿ ಎಂಬುದು ಬೇರೆ ಮಾತು.

ರಜೆ ಮುಗಿದ ಮೇಲೆ ಇನ್‌ಸ್ಪೆಕ್ಟರು ಬರುತ್ತಾರೆಂದು ಗೊತ್ತಾಯಿತು. ಶಾಲೆಗೆ ಸುಣ್ಣ ಬಳಿದರು. ನಮ್ಮ ಉಗ್ರಾಣಕ್ಕೆ ಬಾಗಿಲ ಪರದೆ ಬಂತು. ರೋಗಿಗೆ ಯೋಗ್ಯವಾದ ಸಬ್ಬಕ್ಕಿ ಗಂಜಿಯನ್ನು ನಾವು ಆರು ಜನ ಅವರ ಕಣ್ಣೆದುರು ಮಾಡಿ ತೋರಿಸಬೇಕು. "ನಿಮಗೆ ಯಾವ ವಿಷಯ ಇಷ್ಟ?" ಎಂದು ಅವರು ಕೇಳಿಯೇ ಕೇಳುತ್ತಾರೆ, ಆಗ ಎಲ್ಲರೂ ಒಟ್ಟಾಗಿ "ಗೃಹವಿಜ್ಞಾನ, ಸಾರ್" ಎನ್ನಬೇಕು ಎಂದು ಹೆಡ್‌ಮಾಸ್ಟರು ನಮ್ಮಿಂದ ನಾಲ್ಕು ದಿನ ಅಭ್ಯಾಸ ಮಾಡಿಸಿದರು. ಇಷ್ಟಪಡುವುದಕ್ಕೆ ರಿಹರ್ಸಲ್!

ಇನ್‌ಸ್ಪೆಕ್ಟರು ಬಂದರು. ವಯಸ್ಸಾದವರು, ಜರಿಪೇಟ, ಕನ್ನಡಕ. ಹನುಮಂತಪ್ಪ ಸ್ಟವ್ ಹಚ್ಚಿಟ್ಟು ಹೋಗಿದ್ದ. ಅರ್ಧದಲ್ಲಿ ಅದು ಭುಸುಗುಟ್ಟಿ ಮಸಿ ಉಗುಳಿತು. ಟೀಚರ್ ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. ಬೂದು ಬಣ್ಣದ ಆ ಗಂಜಿಯನ್ನು ಇನ್‌ಸ್ಪೆಕ್ಟರು ಒಂದು ಚಮಚ ಕುಡಿದು, ರೋಗಿಯ ಮೇಲೆ ಕರುಣೆಯಿಂದಲೋ ಏನೋ, ಲೋಟವನ್ನು ಮೆಲ್ಲಗೆ ಪಕ್ಕಕ್ಕಿಟ್ಟರು. ಆಮೇಲೆ ಕೇಳಬೇಕಾದ್ದನ್ನು ಕೇಳಿದರು. ಐದು ಗಂಟಲು "ಗೃಹವಿಜ್ಞಾನ, ಸಾರ್" ಎಂದವು. ಆರನೆಯದು ನನ್ನದು. "ಲೆಕ್ಕ, ಸಾರ್" ಎಂದೆ. ನಾನೇ ಅಂದೆನೆಂದು ಗೊತ್ತಾದದ್ದು ಹೆಡ್‌ಮಾಸ್ಟರ ಮುಖ ನೋಡಿದ ಮೇಲೆ.

"ತಮಾಷೆ ಹುಡುಗಿ ಸಾರ್" ಎಂದರು ಅವರು.

"ತಮಾಷೆ ಅಲ್ಲ ಸಾರ್. ನಾನು ಕೇಳಿದ್ದೆ. ಕೊಡಲಿಲ್ಲ" ಎಂದೆ. ನಿಂತಿದ್ದದ್ದು ಶಿರಾದಲ್ಲಿ, ನಾಲಿಗೆ ಮಾತ್ರ ಪಾವಗಡದ್ದು.

ಇನ್‌ಸ್ಪೆಕ್ಟರು ಕುರ್ಚಿ ಎಳೆದುಕೊಂಡು ಕೂತರು. "ಹಾಗಾದರೆ ಒಂದು ಲೆಕ್ಕ. ಗಾಡಿ ಚಕ್ರದ ವ್ಯಾಸ ಮೂರೂವರೆ ಅಡಿ. ಗಾಡಿ ಒಂದು ಮೈಲಿ ಹೋಗಬೇಕಾದರೆ ಚಕ್ರ ಎಷ್ಟು ಸುತ್ತು ಸುತ್ತುತ್ತೆ?" ಆಗ ಮೈಲಿ ಹೋಗಿ ಕಿಲೋಮೀಟರು ಬರುತ್ತಿದ್ದ ಕಾಲ, ಅವರು ಇನ್ನೂ ಮೈಲಿಯಲ್ಲೇ ಇದ್ದರು. ನನಗೆ ಗೊತ್ತಿದ್ದ ಲೆಕ್ಕವೇ. ಸುತ್ತಳತೆ ಹನ್ನೊಂದು ಅಡಿ. ಮೈಲಿಗೆ ಐದು ಸಾವಿರದ ಇನ್ನೂರೆಂಬತ್ತು ಅಡಿ. ಸ್ಲೇಟು ತೆಗೆದುಕೊಂಡು ಭರಭರನೆ ಗುಣಿಸಿ, "ಐವತ್ತೆಂಟು ಸಾವಿರದ ಎಂಬತ್ತು" ಎಂದು ಕೂಗಿದೆ. ಭಾಗಿಸಬೇಕಿತ್ತು.

"ಅಷ್ಟು ಸುತ್ತಿದರೆ ನಿನ್ನ ಗಾಡಿ ಬೆಂಗಳೂರನ್ನೂ ದಾಟಿ ಹೋಗಿರುತ್ತಲ್ಲಮ್ಮ" ಎಂದರು ಇನ್‌ಸ್ಪೆಕ್ಟರು. ಹೆಡ್‌ಮಾಸ್ಟರು ಸಮಾಧಾನದ ಉಸಿರು ಬಿಟ್ಟರು. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡೋಣ ಎಂದು ನಾನು ನಿಂತಿದ್ದಾಗ ಪಕ್ಕದಿಂದ ಒಂದು ಸಣ್ಣ ದನಿ ಬಂತು.

"ನಾನೂರ ಎಂಬತ್ತು, ಸಾರ್."

ಜುಬೇದಾ! ಸ್ಲೇಟಿಲ್ಲ, ಕಾಗದವಿಲ್ಲ, ಕೈಯಲ್ಲಿ ಗಂಜಿಯ ಸೌಟು.

"ಹೇಗೆ ಮಾಡಿದೆ?"

"ನಮ್ಮ ಅಬ್ಬಾ ಜಟಕಾ ಚಕ್ರ ಮಾಡ್ತಾರೆ ಸಾರ್. ಮೂರೂವರೆ ಅಡಿ ಚಕ್ರಕ್ಕೆ ಹನ್ನೊಂದಡಿ ಕಬ್ಬಿಣದ ಪಟ್ಟಿ ಬೇಕು. ಹನ್ನೊಂದರಲ್ಲಿ ಮೈಲೀನ ಭಾಗ ಮಾಡಿದೆ, ಬಸ್."

ಇನ್‌ಸ್ಪೆಕ್ಟರು ಅವಳಿಗೆ ಇನ್ನೂ ಎರಡು ಲೆಕ್ಕ ಕೊಟ್ಟರು. ಸೌಟು ಕೆಳಗಿಡದೆ ಎರಡನ್ನೂ ಮಾಡಿದಳು. "ನಿನಗೆ ಗಣಿತ ಬೇಕಾ?" ಎಂದು ಕೇಳಿದರು. "ಇವಳು ಬಂದ್ರೆ ಬರ್ತೀನಿ ಸಾರ್. ಹುಡುಗರ ಮಧ್ಯೆ ಒಬ್ಬಳೇ ಕೂರಕ್ಕೆ ಮನೇಲಿ ಬಿಡಲ್ಲ" ಎಂದಳು. ಹೀಗಾಗಿ, ನ್ಯಾಯಕ್ಕಾಗಿ ಕೂಗಿದ ನಾನು ಕೊನೆಗೆ ಗಣಿತದ ತರಗತಿಗೆ ಪ್ರವೇಶ ಪಡೆದದ್ದು ಜುಬೇದಾಳ ಕಾವಲಿನವಳಾಗಿ.

ಇನ್‌ಸ್ಪೆಕ್ಟರು ಹೋದ ಮೇಲೆ ಟೀಚರ್ ಬಯ್ಯುತ್ತಾರೆಂದು ಕಾದು ನಿಂತೆವು. ಅವರು ಬಾಗಿಲು ಮುಂದೆ ಮಾಡಿ, ಸೆರಗಿನಲ್ಲಿ ಮುಖದ ಮಸಿ ಒರೆಸಿಕೊಂಡರು. "ನಾನು ಓದಿದ್ದೂ ಗಣಿತಾನೇ ಕಣ್ರೇ. ಬಿ.ಎಸ್ಸಿ. ಫಸ್ಟ್ ಕ್ಲಾಸು. ಇಲ್ಲಿಗೆ ಬಂದ ದಿನ, 'ನೀವು ಹೆಂಗಸರು, ಗೃಹವಿಜ್ಞಾನ ತಗೊಳ್ಳಿ' ಅಂದ್ರು. ಹಾಸ್ಟೆಲಿನಲ್ಲಿ ಬೆಳೆದೋಳು, ಒಲೆ ಹಚ್ಚಿ ಗೊತ್ತಿಲ್ಲ. ಪುಸ್ತಕ ಬಿಟ್ಟರೆ ನನಗೇನು ಗತಿ?" ಎಂದರು. ನನ್ನ ಕಡೆ ತಿರುಗಿ, "ನಿನ್ನ ಮುದ್ದೆ ಸರಿಯಾಗಿದೆಯೋ ಇಲ್ಲವೋ ಅಂತ ನನಗೆ ಗೊತ್ತೇ ಆಗಲಿಲ್ಲಮ್ಮ. ಅದಕ್ಕೇ ಸೊನ್ನೆ ಕೊಟ್ಟೆ" ಎಂದರು. ನಾಲ್ಕು ತಿಂಗಳಿಂದ ಅವರ ಮೇಲೆ ಕೂಡಿಟ್ಟಿದ್ದ ಸಿಟ್ಟನ್ನು ಎಲ್ಲಿಡುವುದೆಂದು ನನಗೆ ತಿಳಿಯಲಿಲ್ಲ. ಕೊನೆಗೆ ಅದನ್ನೂ ಹೆಡ್‌ಮಾಸ್ಟರ ಲೆಕ್ಕಕ್ಕೇ ಸೇರಿಸಿದೆ.

ತಪ್ಪಿಹೋಗಿದ್ದ ಪಾಠಗಳನ್ನು ಟೀಚರೇ ಶಾಲೆ ಬಿಟ್ಟ ಮೇಲೆ ಆ ಉಗ್ರಾಣದಲ್ಲಿ ನಮಗೆ ಹೇಳಿಕೊಟ್ಟರು. ಸೀಮೆಸುಣ್ಣ ಹಿಡಿದರೆ ಅವರು ಬೇರೆಯೇ ಹೆಂಗಸು. ದನಿ ಏರುತ್ತಿತ್ತು, ಕಣ್ಣು ಹೊಳೆಯುತ್ತಿತ್ತು, ಪ್ರಮೇಯವೊಂದು ಮುಗಿದಾಗ ಮಕ್ಕಳ ಹಾಗೆ ನಗುತ್ತಿದ್ದರು. ಜುಬೇದಾ ಅವರ ಜೊತೆಗೆ ಓಡುತ್ತಿದ್ದಳು. ನಾನು ಹಿಂದಿನಿಂದ ಏದುಸಿರು ಬಿಡುತ್ತ ಬರುತ್ತಿದ್ದೆ. ನಿಜ ಹೇಳಬೇಕೆಂದರೆ, ಬೀಜಗಣಿತ ಬೀಜಾಕ್ಷರಕ್ಕೂ ರೇಖಾಗಣಿತ ಹಣೆಬರಹಕ್ಕೂ ಸೇರಿದ್ದು, ನನ್ನ ತಲೆಗಲ್ಲ ಎಂದು ಎರಡೇ ವಾರದಲ್ಲಿ ನನಗೆ ಅರ್ಥವಾಗಿಹೋಯಿತು. ಆದರೆ ಅಷ್ಟು ಜಗಳ ಮಾಡಿ ಗೆದ್ದದ್ದನ್ನು ವಾಪಸು ಕೊಡುವುದು ಹೇಗೆ? ಹಲ್ಲು ಕಚ್ಚಿಕೊಂಡು ಕೂತೆ.

ವರ್ಷದ ಕೊನೆಗೆ ಫಲಿತಾಂಶ ಬಂತು. ಗಣಿತದಲ್ಲಿ ಜುಬೇದಾ ತೊಂಬತ್ತನಾಲ್ಕು, ಇಡೀ ತರಗತಿಗೆ ಮೊದಲು. ನಾನು ಮೂವತ್ತಾರು. ಮೂವತ್ತೈದಕ್ಕೆ ಪಾಸು. ಹೆಡ್‌ಮಾಸ್ಟರು ನನ್ನನ್ನು ಕರೆಸಿ, ಮತ್ತೆ ಕೂರಿಸಿ, ಮತ್ತೆ ನೀರು ಕೊಡಿಸಿ, ಅಂಕಪಟ್ಟಿಯನ್ನು ನನ್ನ ಕಡೆ ತಿರುಗಿಸಿ ಇಟ್ಟು, "ನೋಡಿದೆಯಾ? ನಾನು ಅವತ್ತೇ ಹೇಳಿರಲಿಲ್ವೇನಮ್ಮ?" ಎಂದರು. ನಾನು ಅವರ ಕಣ್ಣಿಗೆ ಕಣ್ಣಿಟ್ಟು ಹೇಳಿದೆ: "ಸಾರ್, ಇದೇ ಪಟ್ಟಿಯಲ್ಲಿ ಹನ್ನೊಂದು ಜನ ಹುಡುಗರು ಲೆಕ್ಕದಲ್ಲಿ ಫೇಲಾಗಿದ್ದಾರೆ. ಅವರಿಗೆ ಯಾರೂ ಲೆಕ್ಕ ಬೇಡ ಅನ್ನಲಿಲ್ಲ. ಲೆಕ್ಕದಲ್ಲಿ ದಡ್ಡರಾಗುವ ಹಕ್ಕು ಹುಡುಗರಿಗೆ ಮಾತ್ರವೇ ಸಾರ್?"

ಎಂಥ ಮಾತು! ಈ ಕಥೆಯನ್ನು ಎಲ್ಲಿ ಹೇಳಿದರೂ ಇಲ್ಲಿಗೆ ಬಂದಾಗ ಕೇಳಿದವರು ಚಪ್ಪಾಳೆ ತಟ್ಟುತ್ತಾರೆ. ಆದರೆ ಓದುಗರಾದ ನಿಮ್ಮ ಹತ್ತಿರ ಸುಳ್ಳು ಹೇಳಲು ಮನಸ್ಸು ಬರುತ್ತಿಲ್ಲ. ಆ ಮಾತು ನನಗೆ ಹೊಳೆದದ್ದು ಮನೆಗೆ ಬಂದು, ಕೈಕಾಲು ತೊಳೆದು, ಊಟಕ್ಕೆ ಕೂತು, ಎರಡನೆಯ ತುತ್ತು ನುಂಗುವಾಗ. ಹೆಡ್‌ಮಾಸ್ಟರ ಮುಂದೆ ಅವತ್ತು ನಾನು ನಿಜವಾಗಿ ಹೇಳಿದ್ದು "ಹೂಂ ಸಾರ್" ಎಂದು ಮಾತ್ರ. ಅದೂ ನೀರು ಕುಡಿದು ಮುಗಿಸಿದ ಮೇಲೆ.