ಕೆರೆಯ ಬಾತುಗಳೂ ಪುಣೆಯ ಸಾಹೇಬರೂ

ನೀರು, ಹಕ್ಕಿ, ಬಂದೂಕು ಮೂರೂ ಒಂದೆಡೆ ಸೇರಿದರೆ ಏನಾದರೊಂದು ಫಜೀತಿ ಆಗದೆ ಬಿಡುವುದಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಮಹಾರಾಷ್ಟ್ರಕ್ಕೆ ಸೇರಿದ ಅಕ್ಕಲಕೋಟ ಕಡೆಯ ಒಂದು ಕೆರೆಗೆ ಅರಣ್ಯ ಇಲಾಖೆಯ ಗಾರ್ಡ್ ಆಗಿದ್ದೆ. ಹೊಸ ಕಾಯ್ದೆ ಬಂದಿತ್ತು. ಲೈಸೆನ್ಸ್ ಇದ್ದವರು ಮಾತ್ರ ಬಾತು ಹೊಡೆಯಬಹುದಿತ್ತು. ಆ ಚಳಿಗಾಲ ಪುಣೆಯಿಂದ ದೊಡ್ಡ ಸಾಹೇಬರು ಬಂದು, ನಮ್ಮ ಕೆರೆಯಲ್ಲಿ ಬಂದೂಕು ಇರಬೇಕೋ ಬೇಡವೋ ಎಂದು ತೀರ್ಮಾನಿಸುವವರಿದ್ದರು. ಇದು ಊರಿಗೆಲ್ಲ ಗೊತ್ತಿತ್ತು. ಬೇಡ ಎನ್ನಲಿ ಎಂದು ಕಂಡ ದೇವರಿಗೆಲ್ಲ ನಾನು ಕೈ ಮುಗಿಯುತ್ತಿದ್ದೆ. ಆ ಹಕ್ಕಿಗಳು ಗುಂಪಾಗಿ ನೀರಿಗೆ ಇಳಿಯುವ ಸದ್ದು ಕೇಳಿದರೆ ನನಗೆ ಹಬ್ಬ.

೧. ವಕೀಲರ ಶಿಕಾರಿ

ಸೊಲ್ಲಾಪುರದ ವಕೀಲರೊಬ್ಬರು ಹೆಂಡತಿ ಸಮೇತ ಶಿಕಾರಿಗೆ ಬಂದರು. ಲೈಸೆನ್ಸ್ ಸರಿಯಾಗಿತ್ತು, ನಾನು ತುಟಿ ಬಿಚ್ಚುವಂತಿರಲಿಲ್ಲ. ವಕೀಲರು ಜಾಲಿಗಿಡದ ಮರೆಯಲ್ಲಿ, ಕೆಸರಿನಲ್ಲಿ ಬೋರಲು ಬಿದ್ದು ಕಾದೇ ಕಾದರು. ಬಾತುಗಳು ತೇಲುತ್ತ ಹತ್ತಿರ ಬಂದವು. ಇವರು ಗುರಿ ಹಿಡಿದರು. ಅಷ್ಟರಲ್ಲಿ ಅವರ ಹೆಂಡತಿ ಕಿಟ್ಲಿ ಹಿಡಿದು ದಂಡೆಗೆ ಬಂದು, ಚಹಾ ಆರಿಹೋಗುತ್ತದೆ ಎಂದು ಊರಿಗೇ ಕೇಳುವಂತೆ ಕೂಗಿದರು. ಹಿಂಡೆಲ್ಲ ಪಟಪಟನೆ ಆಕಾಶಕ್ಕೆ!

ವಕೀಲರು ಕೆಸರು ಮೋರೆ ಎತ್ತಿ ಗುರುಗುಟ್ಟಿದರು. ಆಕೆ ನನ್ನನ್ನೇ ನ್ಯಾಯ ಹೇಳುವ ಪಂಚನನ್ನಾಗಿ ಮಾಡಿದರು:

“ನೀವ ಹೇಳ್ರಿ ಗಾರ್ಡಸಾಹೇಬ್ರ. ಹಿಮಾಲಯ ದಾಟಿ ಮನಿಗೆ ಪಾವಣ್ಯಾರು ಬಂದಾರ. ಬರ್ರಿ, ಚಾ ಕುಡೀರಿ ಅನ್ನೂದು ಬಿಟ್ಟು ಬಂದೂಕ ತೋರಸ್ತಾರೇನು?”

ಕೋರ್ಟಿನಲ್ಲಿ ಯಾರಿಗೂ ಸೋಲದವರು ಅಂದು ಕೆಸರಲ್ಲೇ ಕೂತು ಚಹಾ ಕುಡಿದರು.

೨. ಒಡೆಯನಿಲ್ಲದ ಹಿಂಡು

ಕೆರೆಗೆ ದಿನಾ ಕುರಿ ಹೊಡೆದುಕೊಂಡು ಬರುವ ಹಿರಿಯನೊಬ್ಬನಿದ್ದ. ಕುರುಬರ ದೇವರು ಬೀರಪ್ಪನ ಭಕ್ತ, ಊರಿಗೆಲ್ಲ ಮುತ್ತ್ಯಾ, ಎಂದರೆ ಅಜ್ಜ. ಬಂದೂಕಿನ ಸದ್ದಿಗೆ ಅವನ ಕುರಿಗಳು ದಿಕ್ಕಾಪಾಲಾಗಿ ಕಂಡವರ ಜೋಳದ ಹೊಲ ಹೊಗುತ್ತಿದ್ದವು. ಬೈಗುಳ ಮಾತ್ರ ಇವನ ಪಾಲಿಗೆ.

ಒಂದು ಬೆಳಗ್ಗೆ ಹೆಬ್ಬಾತುಗಳು ಸಾಲು ಕಟ್ಟಿ ಬಂದವು. ನನಗೋ ಹಿಡಿಸಲಾರದಷ್ಟು ಉತ್ಸಾಹ. ಇವು ಎಷ್ಟು ದೇಶ ದಾಟಿ ಬರುತ್ತವೆಂದು ಕೈ ಬೀಸಿ ಬೀಸಿ ಹೇಳಿದೆ. ಕುರಿ ಹಿಂದೆ ಜಿಲ್ಲೆ ಜಿಲ್ಲೆ ತಿರುಗಿದವನಿಗೆ ಅದೇನೂ ದೊಡ್ಡದಾಗಿ ಕಾಣಲಿಲ್ಲ. ಈ ಹಿಂಡಿನ ಒಡೆಯ ಯಾರು ಎಂದು ಕೇಳಿದ. ಯಾರೂ ಇಲ್ಲ, ತಮ್ಮಷ್ಟಕ್ಕೆ ತಾವೇ ಬರುತ್ತವೆ ಎಂದೆ.

“ಅದಕ್ಕ ಹಾದಿ ತಪ್ಪಿಲ್ಲ ನೋಡ್ರಿ,” ಎಂದ ಮುತ್ತ್ಯಾ.

೩. ನೀರಿನಲ್ಲಿ ನಡೆದ ಮಡಕೆ

ಕೊನೆಗೂ ಸಾಹೇಬರ ಜೀಪು ಬಂತು. ಕಳ್ಳಬೇಟೆಯವನಿಂದ ನಾನು ಕಸಿದುಕೊಂಡಿದ್ದ ದೊಡ್ಡ ಮಡಕೆಯೊಂದು ದಂಡೆಯಲ್ಲಿತ್ತು. ಅದಕ್ಕೆ ಎರಡು ತೂತು. ಇದೇನೆಂದು ಸಾಹೇಬರು ಮರಾಠಿಯಲ್ಲಿ ಕೇಳಿದರು. ಮೊದಲು ಖಾಲಿ ಮಡಕೆ ತೇಲಿಬಿಟ್ಟು ಬಾತುಗಳಿಗೆ ರೂಢಿ ಮಾಡುತ್ತಾರೆ, ಆಮೇಲೆ ಮಡಕೆಯನ್ನು ತಲೆಗೆ ಕವುಚಿಕೊಂಡು ತೂತಿನಿಂದ ನೋಡುತ್ತ ಕುತ್ತಿಗೆ ಮಟ್ಟದ ನೀರಿನಲ್ಲಿ ನಡೆದು ಬಾತಿನ ಕಾಲು ಹಿಡಿದು ಎಳೆಯುತ್ತಾರೆ ಎಂದು ವಿವರಿಸಿದೆ.

ಸಾಹೇಬರ ಕಣ್ಣು ಮಿನುಗಿದವು. ಹಕ್ಕಿಗಳನ್ನು ಹತ್ತಿರದಿಂದ ನೋಡಲೇಬೇಕೆಂದು ಬೂಟು, ಪ್ಯಾಂಟು ಕಳಚಿಟ್ಟು, ಮಡಕೆ ಹೊತ್ತು ಇಳಿದೇ ಬಿಟ್ಟರು. ಒಂದು ಹಕ್ಕಿಯೂ ಕದಲಲಿಲ್ಲ. ಖುಷಿಗೆ ನಾನು ದಂಡೆಯಲ್ಲಿ ಕುಣಿಯುವುದೊಂದು ಬಾಕಿ.

ಅದೇ ಹೊತ್ತಿಗೆ ಮುತ್ತ್ಯಾ, ಉಣ್ಣೆ ಕತ್ತರಿಸುವ ಮುಂಚೆ ಕುರಿ ಮೈ ತೊಳೆಯಲೆಂದು, ಊರವರೊಡನೆ ಬಂದ. ಗಾಳಿಗೆ ಎದುರಾಗಿ ಹೋಗುತ್ತಿದ್ದ ಮಡಕೆ ಕಂಡು ಜನ ಬೆಚ್ಚಿದರು. ಮುತ್ತ್ಯಾ ಒಮ್ಮೆ ದಂಡೆ ನೋಡಿದ, ಒಮ್ಮೆ ಮಡಕೆ ನೋಡಿದ. ಬೀರಪ್ಪ ಬಂದಾನ ಎಂದು ಕೈ ಮುಗಿದ. ತಗೋ, ಜನ ಕುರಿ ಪೂಜೆಗೆ ತಂದಿದ್ದ ಅರಿಶಿನದ ಭಂಡಾರವನ್ನು ಮಡಕೆಯ ಮೇಲೆ ಎರಚಿದ್ದೇ ಎರಚಿದ್ದು. ಬರೀ ಚಡ್ಡಿಯಲ್ಲಿದ್ದ ಸಾಹೇಬರು ಎದ್ದು ಬರುವುದಾದರೂ ಹೇಗೆ? ನಿಂತಲ್ಲೇ ನಿಂತರು.

ಮುತ್ತ್ಯಾ ಮುಂದೆ ಬಂದು ಗಟ್ಟಿಯಾಗಿ ಕೇಳಿದ, ಅದನ್ನೇ ಮರಾಠಿಯಲ್ಲೂ: “ಯಪ್ಪಾ, ಈ ಕೆರ್ಯಾಗ ಬಂದೂಕ ಬೇಕೋ ಬ್ಯಾಡೋ? ಪಾಹಿಜೆ ಕಾ ನಕೋ?”

ಮಡಕೆಯೊಳಗಿಂದ ನಡುಗುವ ದನಿ ಬಂತು: “ನಕೋ, ನಕೋ.”

ಜನ ಕೇಕೆ ಹಾಕಿದರು. ನಮ್ಮ ಬೀರಪ್ಪ ಮರಾಠಿ ಯಾವಾಗ ಕಲಿತ ಎಂದು ಒಬ್ಬ ಕೇಳಿದ್ದಕ್ಕೆ, ಸರ್ಕಾರವೇ ಮರಾಠಿ ಆದಮೇಲೆ ದೇವರಾದರೂ ಏನು ಮಾಡ್ಯಾನು ಎಂದ ಮುತ್ತ್ಯಾ.

ಜನ ಹೋದಮೇಲೆ ಸಾಹೇಬರು ಅರಿಶಿನದ ಕೊಂಬಿನಂತೆ ಹೊರಬಂದರು. ದೇವರ ಮಾತು ಮುರಿಯುವಂತಿಲ್ಲ ಎಂದು ನಗುತ್ತ, ಬಂದೂಕು ಬಂದ್ ಎಂದು ಅಲ್ಲೇ ಬರೆದುಕೊಂಡರು. ಜೀಪು ಹೊರಟಮೇಲೆ ನಾನು ಮುತ್ತ್ಯಾನನ್ನು ಹಿಡಿದುಕೊಂಡೆ. ಅದು ನಿಜಕ್ಕೂ ಬೀರಪ್ಪನೆಂದೇ ನಂಬಿದ್ದೆಯಾ ಎಂದು ಕೇಳಿದೆ.

“ದಂಡಿ ಮ್ಯಾಲ ಬೂಟ ಕಂಡಿದ್ನಿರಿ,” ಎಂದ. “ಸಾಹೇಬ ಅಂತ ಕರದು ಕೇಳಿದ್ರ ವಿಚಾರ ಮಾಡತೀನಿ ಅಂತಿದ್ದಾ. ದೇವ್ರು ಅಂತ ಕರದು ಕೇಳಿದ್ನಿ, ಲಗೂನ ಹೇಳಿಬಿಟ್ಟಾ.”