ಮಾವನ ಸಂಶೋಧನೆ ಮತ್ತು ಅತ್ತೆಯ ಹಸು

ನಮ್ಮ ಸೋದರಮಾವನ ಕೈಗೆ ಸಿಕ್ಕ ಯಾವ ವಸ್ತುವೂ ತನ್ನ ಹುಟ್ಟುಕಸುಬು ಉಳಿಸಿಕೊಂಡದ್ದೇ ಇಲ್ಲ! ಬೆಳಕವಾಡಿಯ ಅವರ ಮನೆಯಲ್ಲಿ ಕೆಟ್ಟ ವಾಷಿಂಗ್ ಮೆಷಿನ್ನಿನ ತುಂಬ ಹುರುಳಿ, ಹೆಲ್ಮೆಟ್ಟಿನೊಳಗೆ ಕಾವಿಗೆ ಕೂತ ಕೋಳಿ. ಫ್ಯಾನಂತೂ ಮನುಷ್ಯರಿಗೆ ಗಾಳಿ ಬೀಸಿದ್ದನ್ನು ಕಂಡವರಿಲ್ಲ. ಅದು ರಾಗಿ ತೂರುವುದಕ್ಕೇ ಮೀಸಲು. ಹಾಗಾದರೆ ಬೈಕಿನಲ್ಲಿ ಹೋಗುವಾಗ ತಲೆಗೇನು? ಟವೆಲ್ಲು!

"ಪೋಲೀಸ್ನೋರು ಇಡುದ್ರೆ ಏನ್ ಮಾಡೀರಿ?" ಎಂದು ಅತ್ತೆ ಒಮ್ಮೆ ಗದರಿದ್ದರು.

"ಕಾವಿಗ್ ಕೂತಿರೋ ಕೋಳಿ ಎಬ್ಬುಸಕ್ಕಾದದೇನಮ್ಮಿ?"

ನಾನು ಮೈಸೂರಿನ ಲ್ಯಾಬೊಂದರಲ್ಲಿದ್ದೇನೆ. ಕ್ಯಾನ್ಸರಿಗೆಂದು ಈಗಾಗಲೇ ಇರುವ ಔಷಧಗಳು, ರಕ್ತದೊಳಗೆ ಸೇರಿಕೊಳ್ಳುವ ಪರಾವಲಂಬಿ ಜೀವಿಗಳನ್ನೂ ಕೊಲ್ಲಬಲ್ಲವೇ ಎಂದು ನೋಡುವುದು ನಮ್ಮ ಕೆಲಸ. ಇದನ್ನು ಮಾವನಿಗೆ ಹೇಳಿದ್ದೇ ತಪ್ಪಾಯಿತು! "ನಾ ಮಾಡುದ್ರೆ ಉಚ್ಚಾಟ, ನೀವ್ ಮಾಡುದ್ರೆ ಸಂಸೋದ್ನೆ! ಅಲ್ವೇನವ್ವ?" ಅಕ್ಕನ ಮಗಳು ತನ್ನ ಹತ್ತಿರವೇ ವಿದ್ಯೆ ಕಲಿತದ್ದೆಂದು ಮಳವಳ್ಳಿ ಬಸ್‌ಸ್ಟ್ಯಾಂಡಿನ ತನಕ ಸಾರಿಕೊಂಡು ಬಂದರು.

ಹೋದ ವರ್ಷ ಅತ್ತೆ ಕ್ಯಾನ್ಸರಿನಿಂದ ತೀರಿಕೊಂಡರು. ಅವರು ಕರುವಾಗಿನಿಂದ ಸಾಕಿದ ಹಸುವೇ ಮಾವನಿಗೆ ಉಳಿದ ಜೊತೆ. ಮೊನ್ನೆ ಅದಕ್ಕೂ ಉಣ್ಣೆಹುಳು ಕಚ್ಚಿ ಜ್ವರ ಬಂತು. ಮೇವು ಬಿಟ್ಟಿತು, ಮಲಗಿದ್ದು ಏಳಲಿಲ್ಲ. ಉಣ್ಣೆಯಿಂದ ಪರಾವಲಂಬಿ ಜೀವಿ ರಕ್ತಕ್ಕೆ ಸೇರಿದೆ ಎಂದು ದನದ ಡಾಕ್ಟರು ಹೇಳಿದ್ದೇ ತಡ, ಮಾವ ಒಳಗೆ ಓಡಿ, ಅತ್ತೆಗೆ ತಂದು ಮಿಕ್ಕಿದ್ದ ಮಾತ್ರೆಗಳ ಡಬ್ಬಿ ಹಿಡಿದುಕೊಂಡು ಬಂದರು!

"ಯಜಮಾನ್ರೇ, ಇದು ಹಸು! ಅದು ಮನುಷ್ಯರ ಕ್ಯಾನ್ಸರ್ ಮಾತ್ರೆ!" ಡಾಕ್ಟರು ಕಿರುಚಿದರು.

"ತಡೀರಿ ಸಾ, ನಮ್ಮುಡ್ಗಿ ಯೋಳವ್ಳೆ" ಎಂದು ಮಾವ ನನಗೇ ಫೋನು ಹಚ್ಚಿದರು.

"ಬೇಡಿ ಮಾವ! ಅದೆಲ್ಲ ಇನ್ನೂ ಲ್ಯಾಬಿನ ಗಾಜಿನ ತಟ್ಟೇಲಿ ನಡೀತಿರೋದು!" ಎಂದು ನಾನೂ ಕೂಗಿದೆ.

"ತಟ್ಟೆ ಯಾವ್ದಾದ್ರೇನವ್ವ? ನಾನು ಬಾಂಡ್ಲೀಲಿ ಕಲಸಿ ಕುಡುಸ್ತೀನಿ!"

ಡಾಕ್ಟರು ಅತ್ತ ಡಬ್ಬಿ ಹಿಡಿದು, ನಾನು ಇತ್ತ ಫೋನಿನಲ್ಲಿ ಗೋಗರೆದು, ಹೇಗೋ ತಡೆದೆವು. ಡಾಕ್ಟರು ಕೊಟ್ಟ ಸರಿಯಾದ ಇಂಜೆಕ್ಷನ್ನಿಗೆ ಹಸು ಎದ್ದು ನಿಂತು ಹುಲ್ಲಿಗೆ ಬಾಯಿ ಹಾಕಿತು.

ಭಾನುವಾರ ನಾನೇ ಹೋದೆ. "ಆ ಮಾತ್ರೆ ಮನೇಲಿರಬಾರ್ದು, ಕೊಡಿ ಮಾವ" ಅಂದೆ. ಮಾವ ಡಬ್ಬಿ ಬಿಡಲಿಲ್ಲ.

"ಅವ್ಳಿಗಂತೂ ಕೈ ಕೊಡ್ತು ಕಣವ್ವ. ಅವ್ಳು ಸಾಕುದ್ ಹಸುಗಾರಾ ಆಗ್ಲಿ ಅಂತಿದ್ದೆ. ಇನ್ ಯಾರ್ಗಾರಾ ಆಯ್ತದಾ?"

ನನ್ನ ಕಣ್ಣು ತುಂಬಿತು. "ಮಿಕ್ಕಿರೋ ಈ ಹಳೇ ಮಾತ್ರೆ ಯಾರಿಗೂ ಆಗಲ್ಲ ಮಾವ. ಆದ್ರೆ ಇದೇ ಔಷಧ ಒಂದಿನ ಇಂಥ ಜ್ವರಕ್ಕೂ ಆಗಬಹುದು. ಅದನ್ನೇ ನಾವು ನೋಡ್ತಿರೋದು" ಎಂದೆ.

ಮಾವ ಡಬ್ಬಿಯನ್ನು ನನ್ನ ಕೈಗಿಟ್ಟು, ನನ್ನ ಬೆರಳುಗಳನ್ನು ತಾವೇ ಮಡಚಿ ಮುಚ್ಚಿದರು.

"ಅಂಗಾರೆ ಬೇಗ್ನೆ ನೋಡ್ರವ್ವ."